ಆಂಟಿಕಿಥೆರಾ ಯಂತ್ರದ ಗೇರೂ ನಮ್ಮ ಬೈಕ್ ಟ್ಯೂನಿಂಗೂ: ಹೋಲಿಕೆ ಎಲ್ಲೀವರೆಗೆ ಸರಿ?

ಘಾಟಿ_ರೈಡರ್
ಎಲ್ರಿಗೂ ನಮಸ್ಕಾರ. ನನಗೂ ನನ್ ಜೊತೆ ರೈಡ್ ಬರೋ ಗೆಳೆಯನಿಗೂ ಒಂದೇ ವಿಷಯಕ್ಕೆ ವಾದ ನಡೀತಾನೇ ಇದೆ. ಇಲ್ಲಿ ಗೇರ್ ಗೊತ್ತಿರೋರೂ ಇದೀರ, ಆಕಾಶ ಗೊತ್ತಿರೋರೂ ಇದೀರ, ಅದಕ್ಕೇ ಹಾಕ್ತಿದೀನಿ.

ನನ್ನ ಹಿಮಾಲಯನ್ 411 ಬೈಕಿಗೆ ಮುಂದಿನ 15 ಹಲ್ಲಿನ ಸ್ಪ್ರಾಕೆಟ್ (ಚೈನ್ ಎಳೆಯೋ ಹಲ್ಲುಚಕ್ರ) ತೆಗೆಸಿ 16 ಹಾಕಿಸ್ದೆ, ಹಿಂದಿನ 38 ಹಾಗೇ ಬಿಟ್ಟೆ. ಹೈವೇಲಿ ಅದೇ ಸ್ಪೀಡಿಗೆ ಆರ್‌ಪಿಎಂ ಶೇಕಡ 6ರಷ್ಟು ಇಳೀತು, ಹ್ಯಾಂಡಲ್ ನಡುಕ ಕಮ್ಮಿ ಆಯ್ತು, ಘಾಟಿ ಹತ್ತುವಾಗ ಮಾತ್ರ ಎಳೆತ ಸ್ವಲ್ಪ ಕಮ್ಮಿ. ಇದನ್ನ ಹೇಳ್ತಿದ್ರೆ ಅವನು "ಎರಡು ಸಾವಿರ ವರ್ಷದ ಹಿಂದೇನೇ ಗ್ರೀಕರು ಇದನ್ನೇ ಮಾಡಿದ್ರು, ಆಂಟಿಕಿಥೆರಾ ಯಂತ್ರ ನೋಡು, ಹಲ್ಲು ಎಣಿಸು, ಭಾಗಿಸು, ಬೇಕಾದ ವೇಗ ತಗೋ, ಎರಡೂ ಒಂದೇ ವಿದ್ಯೆ" ಅಂದ.

ಆ ಯಂತ್ರ ಅಂದ್ರೆ ಹಲ್ಲುಚಕ್ರ ತಿರುಗಿಸಿ ಸೂರ್ಯ, ಚಂದ್ರ ಎಲ್ಲಿರ್ತಾರೆ, ಗ್ರಹಣ ಯಾವಾಗ ಅಂತ ತೋರಿಸೋ ಹಳೇ ಗ್ರೀಕ್ ಸಾಧನ. ನಾನು ಒಪ್ಪಲಿಲ್ಲ. ನಾನು ಹಲ್ಲು ಬದಲಿಸಿದ್ದು ನನಗೆ ಹಿತವಾಗ್ಲಿ ಅಂತ. ಚಂದ್ರ ಯಾರ ಹಿತಕ್ಕೂ ತಿರುಗಲ್ಲ. ಗೇರಿಂಗ್ ಒಂದೇ ಅಲ್ಲ, ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಬಿಡೋ ಜೆಟ್ಟು, ಕಿಡಿ ಹಾರೋ ಹೊತ್ತಿನ ಇಗ್ನಿಶನ್ ಟೈಮಿಂಗು, ಇಸಿಯು (ಎಂಜಿನ್ ನಡೆಸೋ ಪುಟ್ಟ ಕಂಪ್ಯೂಟರ್) ಮ್ಯಾಪು ಎಲ್ಲಾ ಸೇರಿಸಿ ನೋಡಿದ್ರೆ ಈ ಹೋಲಿಕೆ ಎಲ್ಲಿ ಕೂರುತ್ತೆ, ಎಲ್ಲಿ ಮುರಿಯುತ್ತೆ? ತಿಳಿದೋರು ಹೇಳಿ.

ಎರಡು_ಸ್ಟ್ರೋಕ್
ನಿಮ್ ಗೆಳೆಯ ಹೇಳಿದ್ದೇ ಸರಿ ಗುರು. ಗೇರ್ ಅಂದ್ರೆ ಗೇರೇ. 38 ಭಾಗಿಸು 15, ಮುಗೀತು.

ಇತಿಹಾಸ_ಓದುಗ
ಆ ಯಂತ್ರದ ಬಗ್ಗೆ ಗೊತ್ತಿಲ್ಲದೋರಿಗೆ ಮೊದ್ಲು ಸ್ವಲ್ಪ ಹೇಳ್ಬಿಡ್ತೀನಿ. ಆಂಟಿಕಿಥೆರಾ ಅನ್ನೋದು ಕ್ರೀಟ್ ಮತ್ತೆ ಕಿಥೆರಾ ನಡುವಿನ ಒಂದು ಸಣ್ಣ ದ್ವೀಪ. 1900ರಲ್ಲಿ ಸೀಮಿ ದ್ವೀಪದ ಸ್ಪಂಜು ತೆಗೆಯೋ ಮುಳುಗುಗಾರರು ಅಲ್ಲಿ ಸಮುದ್ರದ ತಳದಲ್ಲಿ ಮುಳುಗಿದ ಹಡಗೊಂದನ್ನ ಕಂಡ್ರು. ಅಮೃತಶಿಲೆ ಮೂರ್ತಿ, ಕಂಚಿನ ಮೂರ್ತಿ, ಗಾಜಿನ ಪಾತ್ರೆ ಎಲ್ಲಾ ಮೇಲೆ ಬಂತು, ಜೊತೆಗೆ ಹಸಿರುಗಟ್ಟಿದ ಒಂದು ಕಂಚಿನ ಮುದ್ದೆ. ಅದರಲ್ಲಿ ಹಲ್ಲುಚಕ್ರ ಇದೆ ಅಂತ 1902ರಲ್ಲಿ ಗಮನಿಸಿದ್ದು ಪುರಾತತ್ವಜ್ಞ ವಲೇರಿಯೋಸ್ ಸ್ಟೈಸ್. ಈಗ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿದೆ, ಒಟ್ಟು 82 ತುಂಡು, ಉಳಿದಿರೋ ಗೇರ್ 30, ಅದರಲ್ಲಿ 27 ಒಂದೇ ದೊಡ್ಡ ತುಂಡಲ್ಲಿದಾವೆ. ಹಡಗು ಮುಳುಗಿದ್ದು ಕ್ರಿ.ಪೂ. ಮೊದಲ ಶತಮಾನದಲ್ಲಿ, ಯಂತ್ರ ಅದಕ್ಕಿಂತ ಎಷ್ಟು ಹಳೇದು ಅನ್ನೋದ್ರ ಬಗ್ಗೆ ವಿದ್ವಾಂಸರಲ್ಲಿ ಈಗ್ಲೂ ಜಗಳ ಇದೆ.

ಪೂರ್ತಿ ಇದ್ದಾಗ ಸುಮಾರು 34 ಸೆಂ.ಮೀ. ಎತ್ತರ, 18 ಅಗಲ, 9 ದಪ್ಪ, ಮರದ ಪೆಟ್ಟಿಗೆ. ಮುಂದೆ ರಾಶಿಚಕ್ರ ಮತ್ತೆ ಕ್ಯಾಲೆಂಡರ್, ಹಿಂದೆ ಎರಡು ದೊಡ್ಡ ಸುರುಳಿ ಡಯಲ್, ಒಂದು ತಿಂಗಳ ಲೆಕ್ಕಕ್ಕೆ, ಇನ್ನೊಂದು ಗ್ರಹಣಕ್ಕೆ. ಜೊತೆಗೆ ಒಲಿಂಪಿಕ್ಸ್ ಕೂಟಗಳ ಸರದಿ ತೋರಿಸೋ ಪುಟ್ಟ ಡಯಲ್ ಕೂಡ ಇದೆ, ಅದು ಗೊತ್ತಾಗಿದ್ದು 2008ರಲ್ಲಿ.

ಪೀಣ್ಯ_ಲೇತ್
ನಾನು ಗೇರ್ ಕಟಿಂಗ್ ಶಾಪಲ್ಲಿ ಕೆಲಸ ಮಾಡೋನು. ಎರಡು_ಸ್ಟ್ರೋಕ್ ಅವ್ರೇ, ಗೇರ್ ಅಂದ್ರೆ ಗೇರೇ ಅನ್ನೋದನ್ನ ನಾನು ಖಂಡಿತ ಒಪ್ಪಲ್ಲ.

ಬೈಕಿನ ಗೇರಿಗೆ ಮೊದಲ ಕೆಲಸ ಭಾರ ಹೊರೋದು. ಕ್ಲಚ್ ಬಿಟ್ಟ ತಕ್ಷಣ ಪೂರ್ತಿ ಟಾರ್ಕ್ (ತಿರುಗಿಸೋ ಬಲ) ಒಂದೆರಡು ಹಲ್ಲಿನ ಮೇಲೆ ಬೀಳುತ್ತೆ, ಅದಕ್ಕೇ ಅಲಾಯ್ ಸ್ಟೀಲು, ಕೇಸ್ ಹಾರ್ಡನಿಂಗು, ಗ್ರೈಂಡಿಂಗು, ಸದಾ ಆಯಿಲಲ್ಲಿ ಮುಳುಗಿರ್ಬೇಕು, ಹಲ್ಲಿನ ಆಕಾರ ಇನ್ವಲ್ಯೂಟ್, ಅಂದ್ರೆ ವೇಗ ಏರಿಳಿಯದ ಹಾಗೆ ಬಾಗಿದ ಅಂಚು. ಆ ಇನ್ವಲ್ಯೂಟ್ ಅಂಚನ್ನ ಗೇರಿಗೆ ತಂದಿದ್ದು 18ನೇ ಶತಮಾನದಲ್ಲಿ ಆಯ್ಲರ್. ಗ್ರೀಕರ ಹಲ್ಲು ಬರೀ ತ್ರಿಕೋನ, ಸುಮಾರು 60 ಡಿಗ್ರಿ, ತೆಳು ಕಂಚಿನ ತಗಡಲ್ಲಿ ಕೊರೆದದ್ದು. ತ್ರಿಕೋನದ ಹಲ್ಲಿಗೆ ಹಲ್ಲು ಸಿಕ್ಕಾಗ ಪ್ರತಿ ಹಲ್ಲಿಗೂ ವೇಗ ಸಣ್ಣಗೆ ಏರಿ ಇಳಿಯುತ್ತೆ. ಕೈಯಲ್ಲಿ ನಿಧಾನಕ್ಕೆ ತಿರುಗಿಸೋ ಯಂತ್ರಕ್ಕೆ ಅದು ನಡೆಯುತ್ತೆ, 8000 ಆರ್‌ಪಿಎಂ ಎಂಜಿನ್ನಿನ ಗೇರ್‌ಬಾಕ್ಸಲ್ಲಿ ಆ ಹಲ್ಲು ಉಳಿಯಲ್ಲ.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ದಿಕ್ಕೇ ಉಲ್ಟಾ. ಬೈಕಲ್ಲಿ ಎಂಜಿನ್ ಜೋರಾಗಿ ತಿರುಗುತ್ತೆ, ಅದನ್ನ ಪ್ರೈಮರಿ, ಗೇರ್‌ಬಾಕ್ಸ್, ಸ್ಪ್ರಾಕೆಟ್ ಅಂತ ಹಂತಹಂತವಾಗಿ ಇಳಿಸ್ತಾ ಹೋಗ್ತೀವಿ, ಇಳಿಸಿದಷ್ಟೂ ಟಾರ್ಕ್ ಸಿಗುತ್ತೆ. ಅಲ್ಲಿ ಪಕ್ಕದಲ್ಲಿದ್ದ ಹಿಡಿಯನ್ನ ಕೈಯಲ್ಲಿ ಒಂದು ಸುತ್ತು ತಿರುಗಿಸಿದ್ರೆ 48 ಹಲ್ಲಿನ ಚಕ್ರ ಸುಮಾರು 224 ಹಲ್ಲಿನ ದೊಡ್ಡ ಚಕ್ರವನ್ನ (ಅದರ ಒಂದು ಸುತ್ತು ಅಂದ್ರೆ ಒಂದು ವರ್ಷ) ತಳ್ಳುತ್ತೆ, 78 ದಿನ ಕಳೆದಂಗೆ ಲೆಕ್ಕ. ಆ ದೊಡ್ಡ ಚಕ್ರದಿಂದ ಚಂದ್ರನ ಮುಳ್ಳಿಗೆ ವೇಗವನ್ನ 13 ಪಟ್ಟಿಗಿಂತ ಜಾಸ್ತಿ ಏರಿಸ್ಬೇಕು. ವೇಗ ಏರಿಸೋ ಗೇರ್ ಟ್ರೈನಲ್ಲಿ ಸ್ವಲ್ಪ ಘರ್ಷಣೆ ಜಾಸ್ತಿ ಆದ್ರೂ ಹಿಡಿ ಬಿಗಿಯಾಗುತ್ತೆ. ಹಂಗಿದ್ರೂ ತಿರುಗ್ತಿತ್ತು ಅಂದ್ರೆ ಆ ಕೈಗೆ ನಾನು ನಮಸ್ಕಾರ ಹಾಕ್ತೀನಿ.

ಪಂಚಾಂಗ_ಪ್ರಿಯೆ
ನನಗೆ ಬೈಕ್ ಗೊತ್ತಿಲ್ಲ, ಗಣಿತ ಪಾಠ ಮಾಡ್ತೀನಿ, ಮನೇಲಿ ಪಂಚಾಂಗ ನೋಡೋ ಅಭ್ಯಾಸ ಇದೆ. ಆ 13 ಚಿಲ್ಲರೆ ಎಲ್ಲಿಂದ ಬಂತು ಅಂತ ಹೇಳ್ತೀನಿ, ಇದು ನಮ್ಮೋರಿಗೆ ಬೇಗ ಅರ್ಥ ಆಗುತ್ತೆ.

19 ಸೌರ ವರ್ಷಕ್ಕೆ ಹೆಚ್ಚುಕಮ್ಮಿ ಸರಿಯಾಗಿ 235 ಚಾಂದ್ರಮಾಸ. 19 ಇಂಟು 12 ಅಂದ್ರೆ 228, ಮಿಕ್ಕಿದ 7 ಯಾವ್ದು? ನಮ್ಮ ಅಧಿಕ ಮಾಸ! 2023ರಲ್ಲಿ ಅಧಿಕ ಶ್ರಾವಣ ಬಂದಿತ್ತಲ್ಲ, ಅದೇ ಲೆಕ್ಕ. ಗ್ರೀಕರು ಇದನ್ನ ಮೆಟಾನ್ ಹೆಸರಲ್ಲಿ ಕರೀತಿದ್ರು, ಬ್ಯಾಬಿಲೋನಿನವರಿಗೂ ಗೊತ್ತಿತ್ತು. ಆ 19 ವರ್ಷದಲ್ಲಿ ಚಂದ್ರ ಸೂರ್ಯನನ್ನ 235 ಸಲ ಹಿಂದೆ ಹಾಕ್ತಾನೆ, ಸೂರ್ಯನೇ 19 ಸುತ್ತು ಹೋಗಿರ್ತಾನೆ, ಹಾಗಾಗಿ ನಕ್ಷತ್ರಗಳ ನಡುವೆ ಚಂದ್ರನದ್ದು 235 + 19 = 254 ಸುತ್ತು. ಹಾಗಾಗಿ ವರ್ಷಕ್ಕೆ 254/19 ಸುತ್ತು, 13.368.

ಈಗ ಯಂತ್ರದ ಹಲ್ಲು ನೋಡಿ. 64 ಹಲ್ಲಿಂದು 38ನ್ನ ತಿರುಗಿಸುತ್ತೆ, 38ರ ಅಚ್ಚಲ್ಲೇ ಇರೋ 48 ಹಲ್ಲಿಂದು 24ನ್ನ, 24ರ ಅಚ್ಚಲ್ಲಿರೋ 127 ಹಲ್ಲಿಂದು 32ನ್ನ. ಮೂರನ್ನೂ ಗುಣಿಸಿ ನೋಡಿ, ಸರಿಯಾಗಿ 254/19 ಬರುತ್ತೆ, ಒಂಚೂರೂ ಆಚೀಚೆ ಇಲ್ಲ. ನನಗೆ ಮೊದಲ ಸಲ ಈ ಲೆಕ್ಕ ಮಾಡಿದಾಗ ಮೈ ಜುಂ ಅಂತು.

ಹುಬ್ಬಳ್ಳಿ_ಹುಡುಗ
ಅಕ್ಕಾರ, ಭಾರಿ ಹೇಳಿದ್ರಿ. ಆದ್ರ ಒಂದ್ ಪ್ರಶ್ನೆ, 127 ಅಂತ ಅಂಥಾ ವಿಚಿತ್ರ ನಂಬರ್ ಯಾಕ ಬೇಕಾಗಿತ್ರಿ? 120ನೋ 130ನೋ ಇಟ್ಟಿದ್ರ ಕೊರಿಯಾಕ ಸಲೀಸ ಆಗ್ತಿತ್ತಲ್ಲ?

ಪಂಚಾಂಗ_ಪ್ರಿಯೆ
@ಹುಬ್ಬಳ್ಳಿ_ಹುಡುಗ ತಮ್ಮಾ, 254 ಅಂದ್ರೆ 2 ಇಂಟು 127, ಮತ್ತೆ 127 ಅವಿಭಾಜ್ಯ ಸಂಖ್ಯೆ. ಇನ್ನ ಒಡೆಯೋಕೆ ಆಗಲ್ಲ. ಸಣ್ಣ ಸಣ್ಣ ಗೇರ್ ಎಷ್ಟು ಜೋಡಿಸಿದ್ರೂ 127 ಹುಟ್ಟಲ್ಲ, ಅದನ್ನೋ ಅದರ ಗುಣಕವನ್ನೋ ಎಲ್ಲೋ ಒಂದು ಚಕ್ರದಲ್ಲಿ ಕೊರೀಲೇಬೇಕು. 38ರಲ್ಲಿ 19 ಅಡಗಿದೆ. ಗ್ರಹಣಗಳು ಅದೇ ಕ್ರಮದಲ್ಲಿ ಮರಳೋ ಸರಣಿಗೆ 223 ಚಾಂದ್ರಮಾಸ, ಅದೂ ಅವಿಭಾಜ್ಯ, ಅದಕ್ಕೇ 223 ಹಲ್ಲಿನ ಚಕ್ರವೇ ಇದೆ.

ಘಾಟಿ_ರೈಡರ್
ಮೇಡಂ, ಅಕಸ್ಮಾತ್ 127ರ ಬದ್ಲು 126 ಕೊರೆದಿದ್ರೆ ಏನಾಗ್ತಿತ್ತು? ನನ್ ಬೈಕಲ್ಲಿ ಒಂದು ಹಲ್ಲು ಹೆಚ್ಚು ಮಾಡಿದ್ರೆ ಏನೂ ಕೆಡಲಿಲ್ಲ, ಅದಕ್ಕೆ ಕೇಳ್ತಿದೀನಿ.

ಪಂಚಾಂಗ_ಪ್ರಿಯೆ
@ಘಾಟಿ_ರೈಡರ್ ಲೆಕ್ಕ ಹಾಕಿದೆ. 126 ಆದ್ರೆ ವರ್ಷಕ್ಕೆ 13.263 ಸುತ್ತು. ಒಂದೇ ವರ್ಷದಲ್ಲಿ ಚಂದ್ರನ ಮುಳ್ಳು ಸುಮಾರು 38 ಡಿಗ್ರಿ ಹಿಂದೆ ಬೀಳುತ್ತೆ. ಒಂದು ತಿಥಿ ಅಂದ್ರೆ 12 ಡಿಗ್ರಿ. ಯಂತ್ರ ಅಮಾವಾಸ್ಯೆ ಅಂತ ತೋರಿಸೋ ಹೊತ್ತಿಗೆ ಆಕಾಶದಲ್ಲಿ ತದಿಗೆ ಮುಗಿದು ಚೌತಿ ಬಂದಿರುತ್ತೆ. ಎರಡನೇ ವರ್ಷ ಇನ್ನೂ 38. ಗ್ರಹಣ ಹೇಳೋದಂತೂ ಮರೆತುಬಿಡಿ.

ಘಾಟಿ_ರೈಡರ್
ಇದೇ ನೋಡಿ ನಾನು ಹೇಳೋಕೆ ಹೊರಟಿದ್ದು! ಬೈಕಲ್ಲಿ ಒಂದು ಹಲ್ಲು ಅಂದ್ರೆ ರುಚಿ. ಹೈವೇನೋನಿಗೆ 16, ಬೆಟ್ಟದೋನಿಗೆ 14 ಬೇಕಾಗ್ಬಹುದು, ಇಬ್ರೂ ಸರಿ. ಅಲ್ಲಿ ಒಂದು ಹಲ್ಲು ತಪ್ಪಿದ್ರೆ ಯಂತ್ರ ಸುಳ್ಳು ಹೇಳುತ್ತೆ, ವರ್ಷ ಕಳೆದಷ್ಟೂ ಸುಳ್ಳು ಬೆಳೆಯುತ್ತೆ.

ಪೀಣ್ಯ_ಲೇತ್
127 ಅಂತ ನೋಡಿದ ತಕ್ಷಣ ನಾನು ನೆಟ್ಟಗೆ ಕೂತೆ. ಲೇತ್ ಮಾಡೋರಿಗೆ ಆ ನಂಬರ್ ತುಂಬಾ ಪರಿಚಯ. ಇಂಚಿನ ಲೀಡ್ ಸ್ಕ್ರೂ (ಕೊರೆಯೋ ಉಳಿಯನ್ನ ಸರಿಸೋ ಉದ್ದ ಸ್ಕ್ರೂ) ಇರೋ ಲೇತಲ್ಲಿ ಮಿಲಿಮೀಟರ್ ಥ್ರೆಡ್ ತೆಗೀಬೇಕು ಅಂದ್ರೆ 127 ಹಲ್ಲಿನ ಚೇಂಜ್ ಗೇರ್ ಹಾಕ್ತೀವಿ, ಯಾಕಂದ್ರೆ ಒಂದು ಇಂಚು 25.4 ಮಿ.ಮೀ., ಅದರಲ್ಲೂ ಅದೇ 127 ಕೂತಿದೆ. ಬೈಕಿನೋರಿಗೂ ಇದೆ, 428 ಚೈನಿನ ಪಿಚ್ ಅರ್ಧ ಇಂಚು, 12.7 ಮಿ.ಮೀ. ಗ್ರೀಕರದ್ದು ಚಂದ್ರನ 254, ನಮ್ದು ಇಂಚಿನ 254, ಎರಡಕ್ಕೂ ಸಂಬಂಧ ಇಲ್ಲ, ಬರೀ ಕಾಕತಾಳೀಯ, ಆದ್ರೂ ಒಂದೇ ಚಕ್ರ ಎರಡು ಕಡೆ ಬೇಕಾಯ್ತು ಅನ್ನೋದು ನನಗೆ ಬಾಳ ಇಷ್ಟ ಆಯ್ತು.

ಮತ್ತೆ ಕೊರೆಯೋ ಕಷ್ಟ ಕೇಳಿ. ಚಕ್ರದ ಸುತ್ತ ಸಮ ಅಂತರ ಹಂಚೋ ನಮ್ಮ ಡಿವೈಡಿಂಗ್ ಹೆಡ್ಡಲ್ಲಿ ಹಿಡಿ 40 ಸುತ್ತಿಗೆ ಕೊರೆಯೋ ಚಕ್ರ ಒಂದು ಸುತ್ತು. ಬ್ರೌನ್ ಅಂಡ್ ಶಾರ್ಪ್ ಮಾದರಿಯ ಪ್ಲೇಟಲ್ಲಿ ತೂತಿನ ಸಾಲು 49ಕ್ಕೇ ಮುಗಿಯುತ್ತೆ. ಸಿಂಪಲ್ ಇಂಡೆಕ್ಸಿಂಗಲ್ಲಿ 127 ಬರಲ್ಲ, 223 ಬರಲ್ಲ, 53 ಕೂಡ ಬರಲ್ಲ, ಡಿಫರೆನ್ಶಿಯಲ್ ಇಂಡೆಕ್ಸಿಂಗ್ ಮಾಡ್ಬೇಕು, ಅಂದ್ರೆ ಗೇರ್ ಕೊರೆಯೋಕೆ ಬೇರೆ ಗೇರ್ ಸೆಟ್ ಕಟ್ಟಬೇಕು. ಅವರು ಇದ್ಯಾವುದೂ ಇಲ್ಲದೆ, ವೃತ್ತ ಎಳೆದು, ಗುರುತು ಹಾಕಿ, ಕೈಯಲ್ಲಿ ಕೊರೆದಿದ್ದು.

ಹಳೇ_ಹೆಚ್‌ಎಂಟಿ
ಪೀಣ್ಯದೋರು ಹೇಳಿದ್ದು ಸತ್ಯ. ನಾನು ಹೆಚ್‌ಎಂಟಿ ಲೇತ್ ಮೇಲೇ ಕೆಲಸ ಕಲಿತೋನು. ಬೆಂಗಳೂರಲ್ಲಿ 1953ರಲ್ಲಿ ಲೇತ್ ಮಾಡೋಕೆ ಶುರುವಾದ ಕಂಪನಿ, 1961ರಲ್ಲಿ ಸಿಟಿಜನ್ ಜೊತೆ ಸೇರಿ ವಾಚಿಗೆ ಕೈ ಹಾಕ್ತು. ಒಂದೇ ಊರಲ್ಲಿ ದೊಡ್ಡ ಹಲ್ಲೂ ಸಣ್ಣ ಹಲ್ಲೂ. ಗ್ರೀಕರ ಯಂತ್ರವನ್ನ ಬೈಕಿನ ಜೊತೆ ಯಾಕ್ರಪ್ಪಾ ಹೋಲಿಸ್ತೀರಾ, ಕೈಗಡಿಯಾರದ ಜೊತೆ ಹೋಲಿಸಿ. ಗಂಟೆ ಮುಳ್ಳಿಗೂ ನಿಮಿಷದ ಮುಳ್ಳಿಗೂ 12ಕ್ಕೆ 1, ಅಲ್ಲೂ ಒಂದು ಹಲ್ಲು ತಪ್ಪೋ ಹಾಗಿಲ್ಲ.

ಎರಡು_ಸ್ಟ್ರೋಕ್
ಆಯ್ತು ಸರ್, ಆದ್ರೆ ಇಲ್ಲಿ ಕೇಳಿರೋದು ಬೈಕು. ಮತ್ತೆ ಟ್ಯೂನಿಂಗ್ ಅಂದ್ರೆ ಸ್ಪ್ರಾಕೆಟ್ ಮಾತ್ರ ಅಂದ್ಕೊಂಡ್ರೆ ನಾನು ಒಪ್ಪಲ್ಲ. ಆರ್‌ಎಕ್ಸ್ 100 ಬೈಕ್ ತಗೊಳ್ಳಿ, 98 ಸಿಸಿ, 11 ಕುದುರೆ ಶಕ್ತಿ. ಅದರ ಸಿಲಿಂಡರಲ್ಲಿ ಹೊಗೆ ಹೋಗೋ ಪೋರ್ಟ್ (ತೂತು) ಎತ್ತರ ಸ್ವಲ್ಪ ಉಜ್ಜಿದ್ರೆ ಎಕ್ಸಾಸ್ಟ್ ಎಷ್ಟು ಡಿಗ್ರಿಗೆ ತೆರೆಯುತ್ತೆ ಅನ್ನೋದು ಬದಲಾಗುತ್ತೆ, ಪವರ್ ಮೇಲಿನ ಆರ್‌ಪಿಎಂಗೆ ಹೋಗುತ್ತೆ, ಕೆಳಗೆ ಸತ್ತು ಹೋಗುತ್ತೆ. ಎಕ್ಸ್‌ಪ್ಯಾನ್ಶನ್ ಚೇಂಬರ್ (ಮಧ್ಯೆ ಉಬ್ಬಿದ ಸೈಲೆನ್ಸರ್) ಉದ್ದ ಲೆಕ್ಕ ಹಾಕಿ ಕಟ್ಟಬೇಕು, ಒತ್ತಡದ ಅಲೆ ಕೋನಿಗೆ ಬಡಿದು ಸರಿಯಾದ ಹೊತ್ತಿಗೆ ವಾಪಸ್ ಬಂದು ಹೊರಗೆ ಹೋಗ್ತಿರೋ ಮಿಕ್ಸ್ಚರನ್ನ ಒಳಗೆ ತಳ್ಳಬೇಕು. ಅಲ್ಲೂ ಸುಳ್ಳು ನಡೆಯಲ್ಲ. ಒಂದು ಸಲ ಹೆಚ್ಚು ಉಜ್ಜಿದ್ರೆ ಆ ಸಿಲಿಂಡರ್ ಹೋಯ್ತು, ವಾಪಸ್ ಲೋಹ ಬರಲ್ಲ. ಗ್ರೀಕ ಅರ ಹಿಡಿದು ಹಲ್ಲು ಕೊರೆದಾಗ್ಲೂ ಹಂಗೇ ಅಲ್ವಾ? ಒಂದು ತಪ್ಪಿದ್ರೆ ಪೂರ್ತಿ ಚಕ್ರ ಗುಜರಿಗೆ. ಕೈ ನಂಬಿ ಮಾಡೋ ಕೆಲಸ, ಎರಡೂ.

ಪೀಣ್ಯ_ಲೇತ್
ಈ ಮಾತು ಒಪ್ತೀನಿ. ಕೈಕೆಲಸದಲ್ಲಿ ಇಬ್ರೂ ಅಣ್ಣತಮ್ಮಂದಿರೇ.

ಕುಡ್ಲ_ಸವಾರ
ಅಲ್ಲ ಮಾರಾಯ್ರೆ, ಡಿಫರೆನ್ಶಿಯಲ್, ಅಂದರೆ ಎರಡು ತಿರುಗಾಟ ಕೂಡಿಸುವ ಅಥವಾ ಕಳೆಯುವ ಗೇರ್ ಜೋಡಣೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ? ಆ ಗ್ರೀಕ್ ಯಂತ್ರದಲ್ಲಿ ಡಿಫರೆನ್ಶಿಯಲ್ ಉಂಟು ಅಂತ ಓದಿದ ನೆನಪು. ನಮ್ಮ ಬೈಕಿನಲ್ಲಿ ಅದು ಇಲ್ಲ, ಹಿಂದೆ ಒಂದೇ ಚಕ್ರ ಇರುವುದು. ಆಟೋರಿಕ್ಷಾದಲ್ಲಿ ಉಂಟು. ಹಾಗಾದರೆ ಗ್ರೀಕರದ್ದು ಆಟೋದ ಹತ್ತಿರದ ಸಂಬಂಧಿ ಅಲ್ವಾ?

ಇತಿಹಾಸ_ಓದುಗ
@ಕುಡ್ಲ_ಸವಾರ ನೀವು ಓದಿದ್ದು ವಿಜ್ಞಾನದ ಇತಿಹಾಸಕಾರ ಡೆರೆಕ್ ಡಿ ಸೊಲ್ಲಾ ಪ್ರೈಸ್ ಹೇಳಿದ್ದಿರಬೇಕು. ಅವರು 1959ರಲ್ಲೇ ಇದನ್ನ ಪ್ರಾಚೀನ ಗ್ರೀಕ್ ಕಂಪ್ಯೂಟರ್ ಅಂತ ಬರೆದ್ರು, ಆಮೇಲೆ ಕರಾಕಲೋಸ್ ಅವರ ಜೊತೆ ಎಕ್ಸ್‌ರೇ ತೆಗೆಸಿ 1974ರಲ್ಲಿ ದೊಡ್ಡ ವರದಿ ಕೊಟ್ರು, ಅದರಲ್ಲಿ ಡಿಫರೆನ್ಶಿಯಲ್ ಇದೆ ಅಂದಿದ್ರು. ಅವರು ಹೇಳಿದ ಜಾಗದಲ್ಲಿ ಅದಿಲ್ಲ ಅಂತ ಆಮೇಲೆ ಗೊತ್ತಾಯ್ತು. ಆದ್ರೆ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದ್ದ ಮೈಕೆಲ್ ರೈಟ್ ಮುಂದಿನ ಡಯಲಲ್ಲಿ ಚಂದ್ರನ ಕಳೆ ತೋರಿಸೋ ಪುಟ್ಟ ಗೋಲಿಯ ವ್ಯವಸ್ಥೆ ಕಂಡುಹಿಡಿದ್ರು. ಅದು ಚಂದ್ರನ ತಿರುಗಾಟದಿಂದ ಸೂರ್ಯನ ತಿರುಗಾಟ ಕಳೆದು ವ್ಯತ್ಯಾಸಕ್ಕೆ ತಕ್ಕಂತೆ ಗೋಲಿಯನ್ನ ತಿರುಗಿಸುತ್ತೆ. ಕಳೆಯೋ ಲೆಕ್ಕವನ್ನ ಗೇರಲ್ಲಿ ಮಾಡೋದು, ತತ್ವ ಡಿಫರೆನ್ಶಿಯಲ್‌ದೇ.

ಪ್ರೈಸ್ ಡಿಫರೆನ್ಶಿಯಲ್ ಅಂದ್ಕೊಂಡ ಜಾಗದ ಹತ್ರ ಇರೋದು ಇನ್ನೂ ಚೆಂದದ್ದು. 50 ಹಲ್ಲಿನ ಎರಡು ಚಕ್ರ ಒಂದರ ಮೇಲೊಂದು, ಕೇಂದ್ರ ಮಾತ್ರ ಒಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಪಕ್ಕಕ್ಕೆ. ಒಂದರಲ್ಲಿ ಪಿನ್, ಇನ್ನೊಂದರಲ್ಲಿ ಸೀಳು. ಮೊದಲಿನದು ಒಂದೇ ವೇಗದಲ್ಲಿ ತಿರುಗಿದ್ರೂ ಎರಡನೇದು ಒಮ್ಮೆ ಬೇಗ, ಒಮ್ಮೆ ನಿಧಾನ. ಯಾಕೆ ಅಂದ್ರೆ ನಿಜವಾದ ಚಂದ್ರನೂ ಭೂಮಿಗೆ ಹತ್ರ ಬಂದಾಗ ಜೋರಾಗಿ, ದೂರ ಹೋದಾಗ ನಿಧಾನ ಹೋಗ್ತಾನೆ.

ಮ್ಯಾಪ್_ಮಾಡೋನು
ಪಿನ್ನು ಸೀಳು ಅಂದ್ರೆ ಬೈಕಿನೋರಿಗೆ ಎರಡು ಜಾಗ ನೆನಪಾಗ್ಬೇಕು. ಒಂದು, ಗೇರ್‌ಬಾಕ್ಸಿನ ಶಿಫ್ಟ್ ಡ್ರಮ್, ಗೇರ್ ಸರಿಸೋ ಫೋರ್ಕಿನ ಪಿನ್ ಡ್ರಮ್ಮಿನ ಕಾಲುವೇಲಿ ಓಡುತ್ತೆ. ಎರಡು, ಬಿಎಂಡಬ್ಲ್ಯು, ಮೋಟೊ ಗುಜ್ಜಿ ತರ ಶಾಫ್ಟ್ ಡ್ರೈವ್ (ಚೈನ್ ಬದ್ಲು ತಿರುಗೋ ಕಂಬಿ) ಬೈಕಲ್ಲಿರೋ, ಬಾಗಿದ ಎರಡು ಕಂಬಿ ಜೋಡಿಸೋ ಯೂನಿವರ್ಸಲ್ ಜಾಯಿಂಟ್. ಜಾಯಿಂಟ್ ಬಾಗಿದ್ದಾಗ ಒಳಗೆ ಸಮವೇಗ ಕೊಟ್ರೂ ಹೊರಗೆ ಪ್ರತಿ ಸುತ್ತಿಗೆ ಎರಡು ಸಲ ಏರಿಳಿತ ಬರುತ್ತೆ. ನಾವು ಅದನ್ನ ದೋಷ ಅಂತ ಇನ್ನೊಂದು ಜಾಯಿಂಟ್ ಹಾಕಿ ರದ್ದು ಮಾಡ್ತೀವಿ. ಅವರು ಏರಿಳಿತವನ್ನೇ ಬೇಕು ಅಂತ ಅಳೆದು ಕೂರಿಸಿದ್ರು!

ಪಂಚಾಂಗ_ಪ್ರಿಯೆ
ಅಷ್ಟೇ ಅಲ್ಲ, ಆ ಪಿನ್ ಜೋಡಿ ಕೂತಿರೋದು ತಿರುಗೋ ಚಕ್ರದ ಮೇಲೆ, ಅದೇ 223 ಹಲ್ಲಿಂದು. ಚಂದ್ರ ಭೂಮಿಗೆ ಹತ್ರ ಬರೋ ಜಾಗ ಕೂಡ ಆಕಾಶದಲ್ಲಿ ನಿಧಾನಕ್ಕೆ ಸರಿಯುತ್ತೆ, ಒಂದು ಸುತ್ತಿಗೆ 9 ವರ್ಷಕ್ಕೆ ಸ್ವಲ್ಪ ಕಮ್ಮಿ. ಆ ಚಕ್ರದ ಲೆಕ್ಕ ಹಾಕಿ: 64/38 ಇಂಟು 53/96 ಇಂಟು 27/223. ಉತ್ತರ ತಲೆಕೆಳಗು ಮಾಡಿದ್ರೆ 8.88 ವರ್ಷ. ಅದಕ್ಕೇ 53 ಬೇಕಾಗಿದ್ದು. ಆಮೇಲೆ ಗ್ರಹಣದ ಡಯಲಿಗೆ ಹೋಗುವಾಗ ಆ 53 ಬೇಡ, ಅದನ್ನ ರದ್ದು ಮಾಡೋಕೆ ಮುಂದೆ ಇನ್ನೊಂದು 53 ಹಲ್ಲಿನ ಚಕ್ರ ಹಾಕಿದಾರೆ. ತಿಂಗಳ ಡಯಲಿನ ದಾರೀಲೂ ಹಾಗೇ ಒಂದು 53. ಒಂದೇ ಚಕ್ರವನ್ನ ಎರಡು ಮೂರು ಕೆಲಸಕ್ಕೆ ಬಳಸಿ, ಒಂದರ ಲೆಕ್ಕ ಇನ್ನೊಂದಕ್ಕೆ ಅಂಟದ ಹಾಗೆ ನೋಡ್ಕೊಂಡ ಬುದ್ಧಿ ನೋಡಿ.

ಹುಬ್ಬಳ್ಳಿ_ಹುಡುಗ
ಯಪ್ಪಾ. ಇದನ್ನ ಎರಡ ಸಲ ಓದಿದ್ಮ್ಯಾಲೆ ತಲಿಗೆ ಹೊಕ್ಕತು ನೋಡ್ರಿ.

ಮ್ಯಾಪ್_ಮಾಡೋನು
ಘಾಟಿ_ರೈಡರ್ ಅವ್ರ ಮೂಲ ಪ್ರಶ್ನೆಗೆ ಬರ್ತೀನಿ. ನಾನು ಇಸಿಯು ರೀಮ್ಯಾಪ್ ಮಾಡ್ತೀನಿ. ನನ್ನ ಪ್ರಕಾರ ಆಂಟಿಕಿಥೆರಾಗೆ ಹತ್ತಿರ ಇರೋದು ಸ್ಪ್ರಾಕೆಟ್ ಅಲ್ಲ, ಇಸಿಯು.

ಮ್ಯಾಪ್ ಅಂದ್ರೆ ಏನು? ಒಂದು ಪಟ್ಟಿ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಥ್ರಾಟಲ್, ಪ್ರತಿ ಮನೇಲೂ ಒಂದು ಸಂಖ್ಯೆ, ಇಷ್ಟು ಪೆಟ್ರೋಲ್ ಬಿಡು ಅಂತ. ಎಂಜಿನ್ ಶಕ್ತಿ ಅಳೆಯೋ ಡೈನೋ ಮೇಲೆ ಅಳೆದು ಅಳೆದು ತುಂಬಿಸಿದ ಸಂಖ್ಯೆ. ಬ್ಯಾಬಿಲೋನಿನವರು ಆಕಾಶಕ್ಕೆ ಮಾಡಿದ್ದೂ ಅದನ್ನೇ, ಮಣ್ಣಿನ ಹಲಗೆ ಮೇಲೆ ತಲೆಮಾರುಗಟ್ಟಲೆ ಗ್ರಹಣ ಬರೆದಿಟ್ಟು 223 ತಿಂಗಳ ಲೆಕ್ಕ ಹಿಡಿದ್ರು. ಗ್ರೀಕ ಕುಶಲಕರ್ಮಿ ಆ ಸಂಖ್ಯೆಗಳನ್ನ ಕಂಚಲ್ಲಿ ಕೊರೆದಿಟ್ಟ. ಒಳಗೆ ದಿನ ಕೊಟ್ರೆ ಹೊರಗೆ ಉತ್ತರ ಬರುತ್ತೆ. ಶಕ್ತಿ ಸಾಗಿಸೋ ಕೆಲಸವೇ ಅಲ್ಲ, ಮಾಹಿತಿ ಸಾಗಿಸೋ ಕೆಲಸ.

ಮುರಿಯೋ ಜಾಗ ಎಲ್ಲಿ ಅಂದ್ರೆ ಫೀಡ್‌ಬ್ಯಾಕ್. ನಮ್ಮಲ್ಲಿ ಸೈಲೆನ್ಸರಲ್ಲಿ ಆಕ್ಸಿಜನ್ ಸೆನ್ಸರ್ ಕೂತು ಹೊಗೆ ನೋಡಿ ಹೇಳುತ್ತೆ, ಇಸಿಯು ಅಲ್ಲೇ ತಿದ್ಕೊಳ್ಳುತ್ತೆ. ಪೆಟ್ರೋಲಲ್ಲಿ ಎಥನಾಲ್ ಜಾಸ್ತಿ ಆದ್ರೂ ಒಂದು ಮಟ್ಟಕ್ಕೆ ಹೊಂದ್ಕೊಳ್ಳುತ್ತೆ. ಆ ಯಂತ್ರಕ್ಕೆ ಆಕಾಶ ಕಾಣಲ್ಲ. ಕಣ್ಣಾರೆ ಚಂದ್ರನ್ನ ನೋಡಿ ಮನುಷ್ಯನೇ ಮುಳ್ಳು ಸರಿಮಾಡ್ಬೇಕು.

ಆದ್ರೂ ಒಂದು ತಿದ್ದುಪಡಿ ಅವರೇ ಇಟ್ಟಿದಾರೆ. ಗ್ರಹಣದ ಸುತ್ತು 6585 ದಿನ ಮತ್ತೆ ಸುಮಾರು 8 ಗಂಟೆ. ಆ 8 ಗಂಟೆ ದೊಡ್ಡ ಡಯಲಲ್ಲಿ ಕೂರಲ್ಲ. ಅದಕ್ಕೆ ಪಕ್ಕದಲ್ಲಿ ಮೂರು ಭಾಗದ ಪುಟ್ಟ ಡಯಲ್, ಒಂದು ಖಾಲಿ, ಒಂದರಲ್ಲಿ 8, ಇನ್ನೊಂದರಲ್ಲಿ 16. ಮುಳ್ಳು ಎಲ್ಲಿದೆ ನೋಡಿ ಅಷ್ಟು ಗಂಟೆ ಕೂಡಿಸ್ಕೊ ಅಂತ. ನಾನು ದಿನಾ ನೋಡೋ ಫ್ಯೂಯೆಲ್ ಟ್ರಿಮ್ ಇದೇ ಕೆಲಸ ಮಾಡುತ್ತೆ, ಮೂಲ ಪಟ್ಟಿ ಮುಟ್ಟದೆ ಮೇಲೆ ಒಂದಿಷ್ಟು ಕೂಡು.

ಎರಡು_ಸ್ಟ್ರೋಕ್
ಕಾರ್ಬ್ ಬೈಕಲ್ಲೂ ಫೀಡ್‌ಬ್ಯಾಕ್ ಇದೆ ಗುರು, ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡೋದು. ಬಿಳಿ ಅಂದ್ರೆ ಲೀನು (ಪೆಟ್ರೋಲ್ ಕಮ್ಮಿ), ಕಪ್ಪು ಮಸಿ ಅಂದ್ರೆ ರಿಚ್ಚು (ಪೆಟ್ರೋಲ್ ಜಾಸ್ತಿ), ಆಮೇಲೆ ಮೇನ್ ಜೆಟ್ ಬದಲಿಸು, ನೀಡಲ್ ಕ್ಲಿಪ್ ಒಂದು ಮನೆ ಏರಿಸು. ಅಂದ್ರೆ ನಾನೂ ಗ್ರೀಕನ ತರ ಕಣ್ಣಾರೆ ನೋಡಿ ತಿದ್ದೋನೇ.

ಕುಡ್ಲ_ಸವಾರ
ಒಳ್ಳೆ ಮಾತು. ಹಾಗಾದರೆ ಓಡೋಮೀಟರ್? ಅದು ಪೂರ್ತಿ ಹಳೆಯ ವಿದ್ಯೆಯೇ ಅಲ್ವಾ?

ಇತಿಹಾಸ_ಓದುಗ
@ಕುಡ್ಲ_ಸವಾರ ಹೌದು, ನೇರ ವಂಶ ಹುಡುಕೋದಾದ್ರೆ ಅಲ್ಲೇ. ರೋಮಿನ ವಿಟ್ರುವಿಯಸ್ ಹಿಂದಿನವರಿಂದ ಬಂದದ್ದು ಅಂತ ಹೇಳಿ ಒಂದು ಗಾಡಿ ವರ್ಣಿಸ್ತಾನೆ. ಗಾಡಿ ಚಕ್ರದ ಸುತ್ತಳತೆ ಹನ್ನೆರಡೂವರೆ ಅಡಿ. ಅದರ ಅಚ್ಚಿಗೆ ಒಂದೇ ಹಲ್ಲು, ಅದು ಪ್ರತಿ ಸುತ್ತಿಗೆ 400 ಹಲ್ಲಿನ ಚಕ್ರವನ್ನ ಒಂದೊಂದು ಹಲ್ಲು ತಳ್ಳುತ್ತೆ. 400 ಸುತ್ತಿಗೆ 5000 ಅಡಿ, ಅಂದ್ರೆ ಒಂದು ರೋಮನ್ ಮೈಲಿ. ಆಗ ಒಂದು ಕಲ್ಲು ಕಂಚಿನ ಪಾತ್ರೆಗೆ ಟಣ್ ಅಂತ ಬೀಳುತ್ತೆ. ಸಂಜೆ ಕಲ್ಲು ಎಣಿಸಿದ್ರೆ ದಾರಿ ಎಷ್ಟಾಯ್ತು ಗೊತ್ತಾಗುತ್ತೆ. ಕೇಬಲ್ ಸ್ಪೀಡೋ ಇದ್ದ ಹಳೇ ಬೈಕಿನ ಮುಂದಿನ ಹಬ್ಬಲ್ಲಿರೋ ಸಣ್ಣ ವರ್ಮ್ ಗೇರ್ ಮಾಡೋದೂ ಅದನ್ನೇ.

ಘಾಟಿ_ರೈಡರ್
ಇದು ಕೇಳಿದಾಗ ಇನ್ನೊಂದು ಹೊಳೀತು. ಸ್ಪೀಡ್ ಸೆನ್ಸರ್ ಚಕ್ರದಲ್ಲಿದ್ರೆ ಸ್ಪ್ರಾಕೆಟ್ ಬದಲಿಸಿದ್ರೂ ಮೀಟರ್ ಸರಿ. ಗೇರ್‌ಬಾಕ್ಸ್ ಕಡೆ ಇರೋ ಬೈಕಲ್ಲಿ 15ನ್ನ 16 ಮಾಡಿದ್ರೆ ಮೀಟರ್ ಕಮ್ಮಿ ತೋರಿಸುತ್ತೆ. 10,000 ಕಿ.ಮೀ. ಅಂದ್ರೆ ನಿಜವಾಗಿ 10,667. ಇಲ್ಲಿ ಮಾತ್ರ ಬೈಕಲ್ಲೂ ಒಂದು ಹಲ್ಲು ಸುಳ್ಳು ಹೇಳುತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಮೊದ್ಲು ಮುಂದಿನ ಸ್ಪ್ರಾಕೆಟ್ ಹಲ್ಲು ಎಣಿಸಿ.

ಡ್ಯೂಕ್_ಪ್ರೇಮಿ
ಒಂದು ಡೌಟ್. 390 ಡ್ಯೂಕಲ್ಲಿ 15/45, ಸರಿಯಾಗಿ 3. ಪೂರ್ಣ ಸಂಖ್ಯೆ ಬಂದ್ರೆ ಅದೇ ಹಲ್ಲಿಗೆ ಅದೇ ಹಲ್ಲು ಸಿಕ್ಕಿ ಬೇಗ ಸವೆಯುತ್ತೆ ಅಂತಾರೆ. ಗ್ರೀಕರು ಅವಿಭಾಜ್ಯ ಸಂಖ್ಯೆ ಬಳಸಿದ್ದು ಅದಕ್ಕೇನಾ?

ಪೀಣ್ಯ_ಲೇತ್
@ಡ್ಯೂಕ್_ಪ್ರೇಮಿ ಎರಡೂ ಅಲ್ಲ. ಆ ನಿಯಮ ಹಲ್ಲಿಗೆ ಹಲ್ಲು ನೇರ ಸಿಗೋ ಗೇರಿಗೆ. ಚೈನ್ ಡ್ರೈವಲ್ಲಿ ಹಲ್ಲು ಸಿಗೋದು ಚೈನಿನ ಕೊಂಡಿಗೆ. ಮುಂದೆ 15, ಚೈನಲ್ಲಿ 118 ಕೊಂಡಿ ಇದ್ರೆ ಎರಡಕ್ಕೂ ಸಾಮಾನ್ಯ ಅಪವರ್ತನ ಇಲ್ಲ, ಪ್ರತಿ ಹಲ್ಲೂ ಪ್ರತಿ ಕೊಂಡಿಯನ್ನ ನೋಡಿ ಬರುತ್ತೆ, ಸಮ ಸವೆತ. ಚೈನ್ ಕೊಂಡಿ ಯಾವಾಗ್ಲೂ ಸಮಸಂಖ್ಯೆ, ಅದಕ್ಕೇ ಮುಂದೆ ಬೆಸ ಹಲ್ಲು ಒಳ್ಳೇದು. ಗ್ರೀಕರಿಗೆ ಸವೆತದ ಚಿಂತೆ ಅಲ್ಲ, ಮೇಡಂ ಹೇಳಿದ ಹಾಗೆ ಆಕಾಶವೇ ಆ ಸಂಖ್ಯೆ ಕೇಳ್ತು. ಇಲ್ದಿದ್ರೆ 64, 48, 24, 32 ಅಂತ ಸುಲಭದ ಹಲ್ಲೇ ಹಾಕ್ತಿದ್ರು, ಎಲ್ಲಿ ಸಾಧ್ಯವೋ ಅಲ್ಲಿ ಹಾಕೂ ಇದಾರೆ.

ಕಾಫಿ_ತೋಟ
ಇಷ್ಟೆಲ್ಲಾ ಅವರಿಗೆ ಹೇಗೆ ಗೊತ್ತಿತ್ತು? ಬೇರೆ ಗ್ರಹದೋರು ಬಂದು ಕೊಟ್ಟಿದ್ದು ಅಂತ ಒಂದು ವೀಡಿಯೋ ನೋಡ್ದೆ. ಇಲ್ಲಾಂದ್ರೆ ನಮ್ಮ ಕಡೆಯಿಂದ ಹೋಗಿರ್ಬೇಕು.

ಇತಿಹಾಸ_ಓದುಗ
@ಕಾಫಿ_ತೋಟ ದಯವಿಟ್ಟು ಆ ವೀಡಿಯೋ ನಂಬಬೇಡಿ. ಯಂತ್ರದ ಮೇಲೆಲ್ಲಾ ಗ್ರೀಕ್ ಅಕ್ಷರದಲ್ಲಿ ಬಳಸೋ ವಿಧಾನ ಕೆತ್ತಿದಾರೆ, ತಿಂಗಳ ಹೆಸರು ಕೊರಿಂತ್ ಕಡೆಯವು. ಇದು ಏಕಾಏಕಿ ಉದುರಿದ್ದೂ ಅಲ್ಲ. ಕ್ರಿ.ಪೂ. 212ರಲ್ಲಿ ಸಿರಾಕ್ಯೂಸ್ ಊರು ಬಿದ್ದಾಗ ರೋಮನ್ ಸೇನಾಪತಿ ಮಾರ್ಸೆಲ್ಲಸ್ ಆರ್ಕಿಮಿಡೀಸ್ ಮಾಡಿದ ಆಕಾಶಗೋಲವನ್ನ ರೋಮಿಗೆ ತಗೊಂಡು ಹೋದ ಅಂತ ರೋಮಿನ ಲೇಖಕ ಸಿಸೆರೋ ಬರೀತಾನೆ, ರೋಡ್ಸಿನ ಪೊಸಿಡೋನಿಯಸ್ ಮಾಡಿದ ಅಂಥದ್ದೇ ಇನ್ನೊಂದರ ಬಗ್ಗೆಯೂ. ಒಂದು ಪರಂಪರೆಯೇ ಇತ್ತು, ಆದ್ರೆ ಕಂಚು ಬೆಲೆ ಬಾಳೋ ಲೋಹ, ಕರಗಿಸಿ ಮತ್ತೆ ಬಳಸ್ತಿದ್ರು. ಸಮುದ್ರದಲ್ಲಿ ಮುಳುಗಿದ್ದಕ್ಕೇ ಇದೊಂದು ಉಳೀತು.

ಪಂಚಾಂಗ_ಪ್ರಿಯೆ
ನಮ್ಮ ಕಡೆಯ ಮಾತು ಬಂದಿದ್ದಕ್ಕೆ ಹೇಳ್ತೀನಿ, ನಮ್ಮೋರಿಗೆ ಹೆಮ್ಮೆ ಪಡೋಕೆ ಬೇರೆಯವರದ್ದು ಕಿತ್ಕೋಬೇಕಿಲ್ಲ. ಆರ್ಯಭಟ ಒಂದು ಮಹಾಯುಗದ 43,20,000 ವರ್ಷಕ್ಕೆ ಚಂದ್ರನ ಸುತ್ತು 5,77,53,336 ಅಂತ ಕೊಟ್ಟಿದಾನೆ. ಭಾಗಿಸಿ: 13.36883. ಗ್ರೀಕರ 254/19 ಅಂದ್ರೆ 13.36842. ಅವರು ಯಂತ್ರದಲ್ಲಿ ಹಿಡಿದ್ರು, ಹಲ್ಲಿಗೆ ಮಿತಿ ಇದೆ. ಇವನು ಶ್ಲೋಕದಲ್ಲಿ ಹಿಡಿದ, ಅಲ್ಲಿ ಎಷ್ಟು ದೊಡ್ಡ ಸಂಖ್ಯೆ ಬೇಕಾದ್ರೂ ಕೂರುತ್ತೆ. ಕಾಲ ಬೇರೆ, ದಾರಿ ಬೇರೆ, ಎರಡೂ ನನಗೆ ಪ್ರಿಯವೇ.

ಕಾಫಿ_ತೋಟ
ಇದು ಗೊತ್ತಿರ್ಲಿಲ್ಲ ಮೇಡಂ, ಥ್ಯಾಂಕ್ಸ್.

ಹಳೇ_ಹೆಚ್‌ಎಂಟಿ
ಎಲ್ಲಾ ಸರಿ, ನಿಜವಾಗಿ ತಿರುಗ್ತಿತ್ತಾ? ಕೈಯಲ್ಲಿ ಕೊರೆದ ಹಲ್ಲಿನ ಅಂತರ ಸಮ ಇರಲ್ಲ. ಸತತ ಏಳೆಂಟು ಜೋಡಿ ಗೇರ್ ಅಂದ್ರೆ ಎಲ್ಲೋ ಒಂದು ಕಡೆ ಕಚ್ಚಿಕೊಳ್ಳುತ್ತೆ.

ಇತಿಹಾಸ_ಓದುಗ
@ಹಳೇ_ಹೆಚ್‌ಎಂಟಿ ಇದು ಬಿಸಿ ಚರ್ಚೆ ಸರ್. 2025ರಲ್ಲಿ ಅರ್ಜೆಂಟೀನಾದ ಇಬ್ಬರು ಸಂಶೋಧಕರು ಕಂಪ್ಯೂಟರಲ್ಲಿ ಮಾಡಿ ನೋಡಿದ್ರು. ತ್ರಿಕೋನ ಹಲ್ಲಿನಿಂದ ಬರೋ ತಪ್ಪು ಲೆಕ್ಕಕ್ಕೇ ಇಲ್ಲ, ಆದ್ರೆ ಈಗ ಅಳೆದಿರೋ ಹಲ್ಲಿನ ಅಂತರದ ದೋಷ ನಿಜವಾದ್ರೆ ಯಂತ್ರ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಬಂತು. ಎರಡು ಸಾವಿರ ವರ್ಷ ಉಪ್ಪುನೀರಲ್ಲಿದ್ದ ತುಕ್ಕಿನ ಹಲ್ಲನ್ನ ಅಳೆದ ದೋಷ ಅದು, ಹೊಸದಾಗಿದ್ದಾಗ ಅಷ್ಟು ಇರ್ಲಿಲ್ಲ ಅಂತ ಅವರೇ ಹೇಳ್ತಾರೆ. ನಾನೂ ಅದನ್ನೇ ನಂಬ್ತೀನಿ. 53ನ್ನ ರದ್ದು ಮಾಡೋಕೆ ಇನ್ನೊಂದು 53 ಹಾಕೋ ತಲೆ, ತಿರುಗದ ಯಂತ್ರವನ್ನ ಡಬ್ಬಿಗೆ ಹಾಕಿ ಮುಚ್ಚಿರಲ್ಲ.

ಪೀಣ್ಯ_ಲೇತ್
ಬ್ಯಾಕ್‌ಲ್ಯಾಶ್ ಬಿಟ್ರೆ ತಿರುಗುತ್ತೆ. ಚೈನಿಗೆ ಸ್ಲ್ಯಾಕ್ ಬಿಡಲ್ವಾ, ಹಂಗೇ. ಹಲ್ಲು ಸ್ವಲ್ಪ ಸಡಿಲ ಇಟ್ರೆ ಅಂತರದ ದೋಷ ನುಂಗಿಹೋಗುತ್ತೆ, ಮುಳ್ಳು ಒಂದೆರಡು ಡಿಗ್ರಿ ಅಲ್ಲಾಡುತ್ತೆ, ಅಷ್ಟೇ. ಯಾವಾಗ್ಲೂ ಒಂದೇ ದಿಕ್ಕಲ್ಲಿ ತಿರುಗಿಸಿ ಓದಿದ್ರೆ ಅದೂ ಕಮ್ಮಿ.

ಮ್ಯಾಪ್_ಮಾಡೋನು
ವರ್ಕ್‌ಶಾಪಿನೋರಿಗೆ ಇದರಲ್ಲಿ ದೊಡ್ಡ ಪಾತ್ರ ಇದೆ ಅನ್ನೋಕೆ ಒಂದು ಉದಾಹರಣೆ. ಕ್ರಿಸ್ ಬುಡಿಸೆಲಿಚ್ ಅಂತ, ಯೂಟ್ಯೂಬಲ್ಲಿ ಕ್ಲಿಕ್‌ಸ್ಪ್ರಿಂಗ್ ಚಾನೆಲ್ ನಡೆಸೋರು, ಹಳೇ ಕಾಲದ ಉಪಕರಣದಲ್ಲೇ ಆ ಯಂತ್ರ ಮಾಡ್ತಾ ಬಂದಿದಾರೆ. ಅವರೂ ಅವರ ಜೊತೆಯವರೂ ಕ್ಯಾಲೆಂಡರ್ ಉಂಗುರದ ಕೆಳಗಿನ ತೂತುಗಳನ್ನ ಅಳೆದು, ಒಟ್ಟು 365 ಅಲ್ಲ 354 ಇರ್ಬೇಕು, ಅಂದ್ರೆ ಚಾಂದ್ರ ವರ್ಷ ಅಂತ 2020ರಲ್ಲಿ ಹೇಳಿದ್ರು. 2024ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದೋರು ಗುರುತ್ವ ಅಲೆ ಹುಡುಕೋ ಲೆಕ್ಕದ ವಿಧಾನ ಹಾಕಿ ನೋಡಿದಾಗ್ಲೂ 354 ಅಥವಾ 355 ಅಂತ್ಲೇ ಬಂತು.

ಘಾಟಿ_ರೈಡರ್
ಎಲ್ರಿಗೂ ಧನ್ಯವಾದ, ಗೆಳೆಯನಿಗೆ ಪೂರ್ತಿ ಓದಿಸ್ದೆ. ಸ್ಪ್ರಾಕೆಟ್ ವಾದ ಅವನು ಬಿಟ್ಟ, ಇಸಿಯು ವಾದ ನಾನು ಒಪ್ಕೊಂಡೆ. ಭಾಗಾಕಾರ ಒಂದೇ, ಆದ್ರೆ ಸ್ಪ್ರಾಕೆಟಿಗೆ ಉತ್ತರ ರೈಡರ್ ಹೇಳ್ತಾನೆ, ಆ ಯಂತ್ರಕ್ಕೆ ಉತ್ತರ ಚಂದ್ರ ಹೇಳ್ತಾನೆ. ಈಗ ಅವನಿಗೆ ಹೊಸ ಹುಚ್ಚು, ಚಂದ್ರನ ಗೇರ್ ಸೆಟ್ ಒಂದನ್ನ ಹಿತ್ತಾಳೇಲಿ ಮಾಡ್ಬೇಕಂತೆ. ಪೀಣ್ಯ_ಲೇತ್ ಸರ್, ಸಾಧ್ಯನಾ?

ಪೀಣ್ಯ_ಲೇತ್
@ಘಾಟಿ_ರೈಡರ್ ಯಾಕಾಗಲ್ಲ, ಬನ್ನಿ. 64, 38, 48, 24, 127, 32, ಆರು ಚಕ್ರ. ಚಂದ್ರನ ಮುಳ್ಳನ್ನ ಸೂರ್ಯನ ಅಚ್ಚಿನ ಮೇಲೇ ತರ್ಬೇಕು ಅಂದ್ರೆ ವಾಪಸ್ ಬರೋಕೆ 32-32ರ ಒಂದು ಜೋಡಿ ಜಾಸ್ತಿ. ಪಿನ್ನು ಸೀಳು ಮೊದಲ ಸಲಕ್ಕೆ ಬೇಡ. ಹಿತ್ತಾಳೆ ಶೀಟ್ 2 ಮಿ.ಮೀ. ತನ್ನಿ, ಅದಕ್ಕಿಂತ ತೆಳು ಬೇಡ, ಕೊರೆಯುವಾಗ ಬಾಗುತ್ತೆ. 127 ಮಾತ್ರ ನನಗೆ ಬಿಡಿ, ಇಂಡೆಕ್ಸಿಂಗ್ ಗೇರ್ ಸೆಟ್ ಕಟ್ಟೋಕೆ ಅರ್ಧ ದಿನ ಬೇಕು.

ಹುಬ್ಬಳ್ಳಿ_ಹುಡುಗ
ಮಾಡಿದ್ಮ್ಯಾಲೆ ಫೋಟೋ ಹಾಕ್ರಿ ಅಣ್ಣಾರ, ಹಲ್ಲು ನಾನೂ ಎಣಸ್ತೀನಿ.